ಹದಿನಾಲ್ಕು ತಿಂಗಳು, ಒಂಬತ್ತು ದಿನ

“ತಾರೀಖಂತೆ ತಾರೀಖು! ನಿನ್ ತಾರೀಖೇನು ಈ ಮೀನಿನ ಹೊಟ್ಟೇಲೈತಾ? ಕುಯ್ದು ನೋಡ್ಕೋ ಹೋಗು!”

ಮೇಜರ್ ಡ್ಯಾಬ್ನಿ ಹೀಗೆ ಅರಚಿದಾಗ ಮೀನು ಸೀಳುವ ಸಾಲಿನಲ್ಲಿ ನಲವತ್ತು ಚಾಕುಗಳು ಒಟ್ಟಿಗೆ ನಿಂತವು. ಆತನ ಎದುರು ವರ್ಲೀನ್ ಗ್ಯಾತ್ರೈಟ್ ನಿಂತಿದ್ದಳು. ರಬ್ಬರಿನ ಮುಂಗವಚ, ಮೊಣಕೈತನಕ ಮೀನಿನ ರಕ್ತ, ತಲೆಗೆ ಬಲೆಯ ಟೋಪಿ. ಅವಳ ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟ ಒಂದು ಅರ್ಜಿಯ ನಕಲು ಇತ್ತು.

“ಎರಡು ತಿಂಗ್ಳಾಯ್ತು ಸಾರ್ ಕೊಟ್ಟು. ನಿಮ್ ಸಹಿ ಒಂದು ಬಿದ್ರೆ ಮೇಲಿನ ಕಚೇರಿಗೆ ಹೋಗ್ತದೆ.”

“ಇವತ್ತು ಯಾವ ವಾರ?”

“ಮಂಗಳವಾರ ಸಾರ್.”

“ಮಂಗಳವಾರ ನಾನು ಮೇಜರ್ ಅಲ್ಲ, ನೀನು ಲೆಫ್ಟಿನೆಂಟ್ ಅಲ್ಲ. ನೀನು ಮೀನು ಕುಯ್ಯೋಳು. ಕುಯ್ಯಿ.”

ಸೋಮವಾರದಿಂದ ಶುಕ್ರವಾರದವರೆಗೆ ಆತ ಈ ಕಾರ್ಖಾನೆಯ ಒಡೆಯ. ತಿಂಗಳಿಗೊಂದು ಶನಿವಾರ-ಭಾನುವಾರ ಆತನೇ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಬಂದು, ರಾಜ್ಯದ ಅರೆಕಾಲಿಕ ಸೈನ್ಯವಾದ ಗಾರ್ಡ್ ಪಡೆಯ ನಮ್ಮ ಟ್ರಕ್ ತುಕಡಿಯ ಮುಂದೆ ನಿಂತು ನಮ್ಮ ದೇಶಭಕ್ತಿಯ ಅಳತೆ ತೆಗೆಯುತ್ತಿದ್ದ. ಡೆಲ್ಟಾದ ನಮ್ಮ ಊರಿನಲ್ಲಿ ಕರಿಯರಿಗೆ ಇದ್ದದ್ದು ಎರಡೇ ಸಂಬಳ, ಮೀನಿನದೊಂದು, ಗಾರ್ಡಿನದೊಂದು. ಎರಡಕ್ಕೂ ಒಬ್ಬನೇ ಡ್ಯಾಬ್ನಿ. ಆತ ಸೋಮವಾರ ಮಾಡಿದ ಅವಮಾನವನ್ನು ಶನಿವಾರ ದೂರುವುದಕ್ಕೆ ಹೋದರೆ ಆತನ ಮೇಜಿಗೇ ಹೋಗಬೇಕಾಗಿತ್ತು.

ಡ್ಯಾಬ್ನಿ ಬಾಗಿಲು ದಾಟಿದ ಮೇಲೆ ಪಕ್ಕದ ಮೇಜಿನ ರೂಫಸ್ ಪಿಟ್‌ಮನ್ ಮೀನಿನ ತಲೆಯೊಂದನ್ನು ಡಬ್ಬಕ್ಕೆ ಎಸೆದ.

“ಬೋಳಿಮಗ. ಆ ಅರ್ಜೀನ ಕುಂಡಿಗಿಟ್ಕೊಂಡು ಮೊಟ್ಟೆ ಮರಿ ಮಾಡ್ತಾವ್ನೆ ಅನ್ಸುತ್ತೆ ಕಣಕ್ಕಾ.”

ನಾವೆಲ್ಲ ನಕ್ಕೆವು. ವರ್ಲೀನ್ ನಗಲಿಲ್ಲ. ಅರ್ಜಿಯನ್ನು ಮಡಿಸದೆ ಮುಂಗವಚದೊಳಗೆ ಸೇರಿಸಿಕೊಂಡು ಚಾಕು ಎತ್ತಿಕೊಂಡಳು.

ಅವಳ ತಾರೀಖು ನನಗೆ ಗೊತ್ತಿತ್ತು. ಮಾರ್ಚ್ ಮೂರು, ಕಳೆದ ವರ್ಷ. ಒಂಬತ್ತು ವರ್ಷ ಸಂಜೆ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ, ಗಾರ್ಡಿನ ಅಧಿಕಾರಿಗಳ ಪರೀಕ್ಷೆ ಮುಗಿಸಿ, ಆ ದಿನ ಕವಾಯತಿನ ಕಟ್ಟಡದಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಿದಳು. ಹೊಸ ಅಧಿಕಾರಿಗೆ ಮೊದಲ ಸೆಲ್ಯೂಟ್ ಹೊಡೆದ ಸಿಪಾಯಿಗೆ ಆ ಅಧಿಕಾರಿ ಒಂದು ಬೆಳ್ಳಿ ಡಾಲರ್ ಕೊಡಬೇಕೆಂಬುದು ನಮ್ಮಲ್ಲಿ ನಡೆದು ಬಂದ ವಾಡಿಕೆ. ಮೊದಲ ಸೆಲ್ಯೂಟ್ ನನ್ನದು. ಇಪ್ಪತ್ತೆರಡು ವರ್ಷ ಸಾರ್ಜೆಂಟನಾಗಿ ರೇಡಿಯೋ ಪಕ್ಕ ಕೂತ ನಾನು, ನಮ್ಮ ಕೇರಿಯ ಹೆಣ್ಣಿಗೆ ಸೆಲ್ಯೂಟ್ ಹೊಡೆದದ್ದು ಅದೇ ಮೊದಲು. ಅವಳು ಇಗರ್ಜಿಗೆ ಒಯ್ಯುವ ಕರವಸ್ತ್ರದಿಂದ ನಾಣ್ಯ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.

“ಇನ್ಮೇಲೆ ನಿನ್ನ ವರ್ಲೀನ್ ಅನ್ನಂಗಿಲ್ವಲ್ಲಮ್ಮ. ಮೇಡಂ ಅನ್ಬೇಕು.”

“ಮೀನಿನ ಸಾಲ್ನಾಗೆ ವರ್ಲೀನ್ ಅನ್ನು ಕ್ಲಿಯೋಫಸಣ್ಣ, ಇಲ್ಲಿ ಮೇಡಂ ಅನ್ನು. ಅದ್ಲುಬದ್ಲಾದ್ರೆ ಇಬ್ರಿಗೂ ಒದೆ ಬೀಳ್ತವೆ.”

ರಾಜ್ಯ ಕೊಟ್ಟ ಹುದ್ದೆಗೆ ಮೇಲಿನ ಕಚೇರಿಯ ಮುದ್ರೆ ಬೀಳಬೇಕು. ಅವಳ ಕಾಗದ ನಾಲ್ಕು ತಿಂಗಳು ಡ್ಯಾಬ್ನಿಯ ಮೇಜಿನ ಖಾನೆಯಲ್ಲಿ ವಿಶ್ರಾಂತಿ ಪಡೆಯಿತು. ಹೊರಡುವ ಹೊತ್ತಿಗೆ ಅದರೊಳಗಿನ ವೈದ್ಯರ ಪ್ರಮಾಣಪತ್ರದ ಅವಧಿ ತೀರಿತ್ತು. ಅವಳು ಮತ್ತೆ ವೈದ್ಯರ ಮುಂದೆ ನಾಲಿಗೆ ಚಾಚಿ, ಕಣ್ಣು ತೋರಿಸಿ, ಹೊಸ ಪತ್ರ ತಂದಳು. ಅಷ್ಟರಲ್ಲಿ ಅರ್ಜಿಯ ನಮೂನೆ ಬದಲಾಗಿತ್ತು. ಹೊಸ ನಮೂನೆಯಲ್ಲಿ ಬರೆದು ಕೊಟ್ಟಳು. ಕೊನೆಗೆ ಹನ್ನೊಂದು ತಿಂಗಳು ಕಳೆದು, ಫೆಬ್ರವರಿ ಒಂಬತ್ತಕ್ಕೆ ಮುದ್ರೆ ಬಿತ್ತು. ಪ್ರಮಾಣ ಮಾಡಿದ ದಿನವನ್ನು ಬಿಟ್ಟು, ಮುದ್ರೆ ಬಿದ್ದ ದಿನವನ್ನೇ ಅವಳ ನೇಮಕದ ತಾರೀಖೆಂದು ಬರೆದು ಕಳಿಸಿದರು. ಅದನ್ನು ತಿದ್ದಿಕೊಡಿ ಎಂಬುದೇ ಅವಳ ಕೈಯಲ್ಲಿದ್ದ ಅರ್ಜಿ.

ಡ್ಯಾಬ್ನಿಯ ಅಣ್ಣನ ಮಗ ಟ್ರಿಪ್ ಲೆಫ್ಟಿನೆಂಟನಾಗಿ ಪ್ರಮಾಣ ಮಾಡಿದ್ದು ಅವಳಾದ ಎಂಟು ತಿಂಗಳ ಮೇಲೆ, ನವೆಂಬರಿನಲ್ಲಿ. ಅವನ ಕಾಗದಕ್ಕೆ ಎಲ್ಲಿಯೂ ದಣಿವಾಗಲಿಲ್ಲ. ಜನವರಿ ಹದಿನಾಲ್ಕಕ್ಕೆ ಮುದ್ರೆ ಬಿತ್ತು. ಒಂದೇ ದರ್ಜೆಯ ಇಬ್ಬರಲ್ಲಿ ಯಾರ ತಾರೀಖು ಹಿಂದಿನದೋ ಅವರ ಮಾತು ನಡೆಯಬೇಕು, ಇನ್ನೊಬ್ಬರು ಕೇಳಬೇಕು. ಇದು ಸೈನ್ಯದ ನಿಯಮ. ಆ ನಿಯಮದಂತೆ, ಟ್ರಕ್ಕಿನ ಗೇರು ಬದಲಿಸಲು ಬಾರದ ಟ್ರಿಪ್ ನಮಗೂ ವರ್ಲೀನಳಿಗೂ ಹಿರಿಯನಾದ.

ಮೇ ತಿಂಗಳ ಆರರಂದು ನದಿಯ ನೀರು ದಂಡೆಯ ಏರಿಯ ಕುತ್ತಿಗೆಯವರೆಗೆ ಬಂತು. ನಮ್ಮ ಕೇರಿಯ ಮನೆಗಳಿಗೆ ಆಗಲೇ ನೀರು ನುಗ್ಗಿತ್ತು. ಆದರೆ ಆರು ಟ್ರಕ್ಕುಗಳ ಮರಳಿನ ಮೂಟೆ ಹೊರಟದ್ದು ಡ್ಯಾಬ್ನಿಯ ಮೀನಿನ ಕೊಳಗಳ ದಂಡೆಗೆ. ಆಹಾರ ಉತ್ಪಾದನೆಯ ರಕ್ಷಣೆ ಎಂದು ಆದೇಶದಲ್ಲಿ ಬರೆದಿತ್ತು. ಸಾಲಿನ ಮುಂದೆ ಟ್ರಿಪ್‌ನ ಜೀಪು, ಅದರ ಹಿಂದೆ ರೂಫಸ್ ಓಡಿಸುತ್ತಿದ್ದ ಟ್ರಕ್ಕು, ಎಲ್ಲಕ್ಕಿಂತ ಹಿಂದೆ ರೇಡಿಯೋ ಗಾಡಿಯಲ್ಲಿ ವರ್ಲೀನ್ ಮತ್ತು ನಾನು. ರೇಡಿಯೋದಲ್ಲಿ ಯಾರು ಏನೆಂದರೂ ಗಂಟೆ-ನಿಮಿಷ ಹಾಕಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಹಾಳೆ ಹರಿಯುವಂತಿಲ್ಲ, ಅಳಿಸುವಂತಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು ಸಹಿ ಹಾಕಬೇಕು.

ಹಳೆಯ ಹತ್ತಿ ದಾರಿಯ ಕವಲಿನಲ್ಲಿ ಟ್ರಿಪ್ ಎಡಕ್ಕೆ ತಿರುಗಿದ. ವರ್ಲೀನ್ ರೇಡಿಯೋ ಕಿತ್ತುಕೊಂಡಳು.

“ಆ ದಾರಿಗೆ ಇಳೀಬೇಡಿ. ಮುಂದೆ ಇರೋ ಮೋರಿ ಬರೀ ತಗಡಿನ ಕೊಳವೆ. ನಮ್ಮಪ್ಪನೇ ಕೂಲಿಗೆ ನಿಂತು ಹೂತಿದ್ದು. ತುಂಬಿದ ಟ್ರಕ್ಕು ತಡೆಯಲ್ಲ. ಏರಿ ಮೇಲೇ ಬನ್ನಿ.”

“ಏರಿ ಮೇಲೆ ಅರ್ಧ ಗಂಟೆ ಜಾಸ್ತಿ ಆಗುತ್ತೆ. ಚಿಕ್ಕಪ್ಪ ಕಾಯ್ತಿದಾರೆ.” ಟ್ರಿಪ್‌ನ ಜೀಪು ಹಗುರ, ಅದು ಮೋರಿ ದಾಟಿ ಆಚೆ ನಿಂತಿತ್ತು. “ಪಿಟ್‌ಮನ್, ಬಾ.”

“ಸಾರ್, ಮೇಡಂ ಬ್ಯಾಡ ಅಂತಾವ್ರೆ.” ಇದು ರೂಫಸ್‌ನ ದನಿ.

“ಅವಳದ್ದು ಫೆಬ್ರವರಿ. ನನ್ನದು ಜನವರಿ. ಬಾ ಅಂದ್ರೆ ಬಾ.”

ರೂಫಸ್ ಹೋದ. ಮುಂದಿನ ಗಾಲಿಗಳು ದಾಟಿದವು. ಹಿಂದಿನ ಗಾಲಿಗಳ ಕೆಳಗೆ ದಾರಿಯೇ ಇರಲಿಲ್ಲ.

ಮೂರನೆಯ ದಿನ ಅವನು ಸಿಕ್ಕಿದ್ದು ಡ್ಯಾಬ್ನಿಯ ಕೊಳದಲ್ಲಿ. ಮೀನು ಎಳೆಯುವ ಬಲೆಯಲ್ಲಿ.

ರೂಫಸ್‌ನನ್ನು ಮಣ್ಣು ಮಾಡಿದ ಮಾರನೆಯ ವಾರ ಕಾರ್ಖಾನೆ ಮತ್ತೆ ತೆರೆಯಿತು. ಮೇ ಹದಿನೈದರಂದು, ಪ್ರವಾಹದ ದಿನದಿಂದ ಸರಿಯಾಗಿ ಒಂಬತ್ತನೆಯ ದಿನ, ಡ್ಯಾಬ್ನಿ ತಾನೇ ಸಾಲಿನ ಬಳಿಗೆ ನಡೆದು ಬಂದ. ಕೈಯಲ್ಲಿ ಕಂದು ಲಕೋಟೆ. ಮುಖದಲ್ಲಿ ಭಾನುವಾರದ ನಗೆ.

“ಎಲ್ರೂ ಕೇಳ್ರಪ್ಪಾ! ನಮ್ ಲೆಫ್ಟಿನೆಂಟ್ ಗ್ಯಾತ್ರೈಟ್ ಅವರ ತಾರೀಖು ತಿದ್ದುಪಡಿ ಆಗಿ ಬಂದಿದೆ. ಮಾರ್ಚ್ ಮೂರು! ಇವರಿಗೆ ಆದ ಅನ್ಯಾಯ ನಂಗೆ ನಿದ್ದೆ ಮಾಡೋಕೆ ಬಿಟ್ಟಿರ್ಲಿಲ್ಲ. ನಾನೇ ಫೋನ್ ಮಾಡಿ ಮಾಡಿಸ್ದೆ.”

ಆತನ ಬಾಯಲ್ಲಿ ‘ಅವರು’, ‘ಇವರು’ ಎಂಬುದನ್ನು ನಾವು ಕೇಳಿದ್ದು ಆ ದಿನವೇ. ಹೆಂಗಸರು ಒದ್ದೆ ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದರು. ನೀರು ಚಿಮ್ಮಿ ಆತನ ಅಂಗಿಯ ಮೇಲೆ ಬಿತ್ತು. ಅದಕ್ಕೂ ಆತ ನಕ್ಕ. ವರ್ಲೀನ್ ಲಕೋಟೆ ತೆಗೆದುಕೊಂಡಳು. ಒಳಗೆ ಎರಡು ಹಾಳೆಗಳಿದ್ದವು. ಮೊದಲನೆಯದನ್ನು ನಿಂತೇ ಓದಿದಳು. ಎರಡನೆಯದನ್ನು ಓದುವಾಗ ಮೇಜನ್ನು ಹಿಡಿದುಕೊಂಡಳು.

ಊಟದ ಬಿಡುವಿನಲ್ಲಿ ಅದನ್ನು ನನಗೆ ಕೊಟ್ಟಳು. ಸಿಪಾಯಿ ರೂಫಸ್ ಪಿಟ್‌ಮನ್‌ನ ಸಾವಿನ ವಿಚಾರಣೆಗೆ ಹಾಜರಾಗಬೇಕೆಂಬ ಕರೆ. ಘಟನೆಯ ಸ್ಥಳದಲ್ಲಿದ್ದ ಹಿರಿಯ ಅಧಿಕಾರಿ, ಆದುದರಿಂದ ಹೊಣೆಗಾರಳು, ಲೆಫ್ಟಿನೆಂಟ್ ಗ್ಯಾತ್ರೈಟ್. ನೇಮಕದ ತಾರೀಖು ಮಾರ್ಚ್ ಮೂರು.

“ಹದಿನಾಲ್ಕು ತಿಂಗ್ಳು ಆಗ್ದೇ ಇದ್ದದ್ದು ಒಂಬತ್ತು ದಿನಕ್ಕೆ ಆಗೋಯ್ತು, ನೋಡಣ್ಣ,” ಎಂದಳು.

“ಸೂಳೇಮಕ್ಳು! ಆ ತಾರೀಖು ನಂದಲ್ಲ ಅಂದ್ಬಿಡು. ಫೆಬ್ರವರೀನೇ ಸರಿ ಅಂತ ಬರ್ಕೊಡು.”

“ಸುಳ್ಳು ಹೇಳ್ಲಾ? ಅವತ್ತು ನಿನ್ ಕೈಗೆ ಡಾಲರ್ ಇಕ್ಕಿದ್ದು ಯಾರು? ಹದಿನಾಲ್ಕು ತಿಂಗ್ಳಿಂದ ನಿಜ ಕೊಡಿ ಅಂತ ಕೇಳ್ದೆ. ಈಗ ಕೊಟ್ಟವ್ರೆ. ಬ್ಯಾಡ ಅಂತ ಹೆಂಗನ್ನಲಿ?” ಬ್ರೆಡ್ಡಿನ ತುಂಡನ್ನು ತಿನ್ನದೆ ಮತ್ತೆ ಸುತ್ತಿಟ್ಟಳು. “ನಿನ್ ರೇಡಿಯೋ ಪುಸ್ತಕ ಒಣಗೈತಾ?”

“ಒಣಗೈತೆ.”

“ಅಕ್ಷರ ಕಾಣ್ತವಾ?”

“ಕಾಣ್ತವೆ.”

ಅದೇ ದಿನ ಸಂಜೆ ಡ್ಯಾಬ್ನಿ ನನ್ನನ್ನು ಕಚೇರಿಗೆ ಕರೆಸಿದ. ಮೇಜಿನ ಮೇಲೆ ಹೊಸ ಪುಸ್ತಕವೊಂದು ಇತ್ತು.

“ನಿನ್ ಹಳೇ ಪುಸ್ತಕ ನೆಂದು ಹಾಳಾಗಿದೆಯಂತೆ.”

“ಇಲ್ಲ ಸಾರ್, ಚೆನ್ನಾಗೈತೆ.”

“ಹಾಳಾಗಿದೆ. ಇದ್ರಲ್ಲಿ ಎಲ್ಲಾ ನೀಟಾಗಿ ಬರ್ಕೊಂಡು ಬಾ. ಹನ್ನೊಂದೂ ನಲವತ್ತರ ಹತ್ರ ರೇಡಿಯೋ ಗೊರಗೊರ ಅಂತಿತ್ತು, ಮಾತು ಕೇಳಿಸಲಿಲ್ಲ ಅಂತ ಹಾಕು. ನಿನ್ ಹೆಂಡ್ತಿ ಪ್ಯಾಕಿಂಗಲ್ಲಿ ಇದಾಳಲ್ವಾ? ಬೆನ್ನುನೋವು ಹೇಗಿದೆ ಈಗ?”

“ಹಂಗೇ ಐತೆ ಸಾರ್.”

“ಒಳ್ಳೇ ಹುಡ್ಗ ನೀನು, ಕ್ಲಿಯೋಫಸ್.”

ನನಗೆ ಐವತ್ತೊಂದು ವರ್ಷ. “ಆಯ್ತು ಸಾರ್” ಎಂದೆ. ಮನೆಗೆ ಹೋಗಿ, ಅಡುಗೆಮನೆಯ ಮೇಜಿನ ಮೇಲೆ ಹೊಸ ಪುಸ್ತಕ ಬಿಚ್ಚಿ, ಆತ ಹೇಳಿದಂತೆಯೇ ಬರೆದೆ. ಅಕ್ಷರ ಬಹಳ ಚೆನ್ನಾಗಿ ಬಂತು.

ವಿಚಾರಣೆ ಕವಾಯತಿನ ಕಟ್ಟಡದಲ್ಲಿ ನಡೆಯಿತು. ರಾಜಧಾನಿಯಿಂದ ಬಂದ ಕರ್ನಲ್ ಮಡಿಸುವ ಮೇಜಿನ ಹಿಂದೆ ಕೂತಿದ್ದ. ಪಕ್ಕದಲ್ಲಿ ಬರೆದುಕೊಳ್ಳುವವನೊಬ್ಬ. ಒಂದು ಕಡೆ ಡ್ಯಾಬ್ನಿ, ಟ್ರಿಪ್. ಇನ್ನೊಂದು ಕಡೆ ವರ್ಲೀನ್, ಒಬ್ಬಳೇ. ಹಿಂದಿನ ಕುರ್ಚಿಗಳಲ್ಲಿ ತುಕಡಿಯ ಚಾಲಕರು. ಅವರ ನಡುವೆ ರೂಫಸ್‌ನ ಹೆಂಡತಿ ಮೇವಿಸ್, ಇಗರ್ಜಿಯ ಕಪ್ಪು ಟೋಪಿ ತೊಟ್ಟು. ನನ್ನ ತೊಡೆಯ ಮೇಲೆ ಹೊಸ ಪುಸ್ತಕ. ಅಂಗಿಯ ಒಳಗೆ, ಹೊಟ್ಟೆಗೆ ಒತ್ತಿಕೊಂಡು, ಹಳೆಯದು.

“ಲೆಫ್ಟಿನೆಂಟ್, ನಿಮ್ಮ ನೇಮಕದ ತಾರೀಖು?”

“ಮಾರ್ಚ್ ಮೂರು, ಸಾರ್.”

“ಅದು ಸರಿಯಿದೆ ಅಂತ ಒಪ್ಕೋತೀರಾ?”

“ಒಪ್ಕೋತೀನಿ. ಅದೊಂದೇ ಸರಿಯಾದ ತಾರೀಖು.”

ಟ್ರಿಪ್ ಉಸಿರು ಬಿಟ್ಟದ್ದು ನನ್ನ ಕುರ್ಚಿಯವರೆಗೂ ಕೇಳಿಸಿತು. ಡ್ಯಾಬ್ನಿ ಕಾಲ ಮೇಲೆ ಕಾಲು ಹಾಕಿದ.

“ಹಾಗಾದ್ರೆ ಮೇ ಆರರಂದು ಆ ಕವಲಿನಲ್ಲಿ ಹಿರಿಯ ಅಧಿಕಾರಿ ನೀವೇ.”

“ನಾನೇ ಸಾರ್. ಬರ್ಕೊಳ್ಳಿ.” ಅವಳು ಬರೆದುಕೊಳ್ಳುವವನ ಕಡೆ ತಿರುಗಿ, ಅವನ ಪೆನ್ನು ನಿಲ್ಲುವವರೆಗೆ ಕಾದಳು. “ಬರ್ಕೊಂಡ್ರಾ? ಈಗ ಇದನ್ನೂ ಬರ್ಕೊಳ್ಳಿ. ಹಿರಿಯ ಅಧಿಕಾರಿ ಆ ದಾರಿಗೆ ಇಳೀಬೇಡಿ ಅಂತ ರೇಡಿಯೋದಲ್ಲಿ ಹೇಳಿದ್ಲು. ಆಗ ಅದು ಸಲಹೆ ಆಗಿತ್ತು. ನೀವು ತಾರೀಖು ತಿದ್ದಿದ ಮೇಲೆ ಅದು ಆಜ್ಞೆ ಆಯ್ತು. ಆ ಆಜ್ಞೆ ಮೀರಿ ಲೆಫ್ಟಿನೆಂಟ್ ಟ್ರಿಪ್ ಡ್ಯಾಬ್ನಿ ಪಿಟ್‌ಮನ್‌ನ ನೀರಿಗೆ ಕಳಿಸ್ದ. ಆಜ್ಞೆ ಮೀರಿದ್ದಕ್ಕೆ ಅವನ ಮೇಲೆ ಮೊಕದ್ದಮೆ ಹಾಕ್ತಿದೀನಿ, ಸಾರ್. ಹಿರಿಯ ಅಧಿಕಾರಿಯಾಗಿ.”

ಡ್ಯಾಬ್ನಿಯ ಕಾಲು ಕೆಳಗಿಳಿಯಿತು.

“ಅವಳು ಏನೂ ಹೇಳೇ ಇಲ್ಲ,” ಎಂದ ಆತ. “ರೇಡಿಯೋ ಕೆಟ್ಟಿತ್ತು. ಪುಸ್ತಕ ಇದೆ. ಕ್ಲಿಯೋಫಸ್, ಕೊಡೋ.”

ನಾನು ಎದ್ದೆ. ಮೇಜಿನವರೆಗೆ ಹನ್ನೆರಡು ಹೆಜ್ಜೆ. ಹೊಸ ಪುಸ್ತಕವನ್ನು ಕರ್ನಲ್‌ನ ಮುಂದೆ ಇಟ್ಟೆ. ಡ್ಯಾಬ್ನಿ ತಲೆಯಾಡಿಸಿದ.

“ಇದು ಮೇಜರ್ ಸಾಹೇಬ್ರು ಹೇಳಿ ಬರೆಸಿದ್ದು ಸಾರ್,” ಎಂದೆ. “ಕೈ ನಂದೇ, ಸುಳ್ಳು ಅವ್ರದು.” ಅಂಗಿಯ ಗುಂಡಿ ಬಿಚ್ಚಿ ಹಳೆಯದನ್ನು ತೆಗೆದೆ. “ಇದು ಅವತ್ತು ಬರೆದಿದ್ದು.”

“ಲೇ ನಾಯಿ!” ಡ್ಯಾಬ್ನಿ ಎದ್ದು ನಿಂತಿದ್ದ. “ನಾಳೆಯಿಂದ ನೀನೂ ಬೇಡ, ನಿನ್ ಹೆಂಡ್ತೀನೂ ಬೇಡ!”

“ಇವತ್ತು ಶನಿವಾರ ಸಾರ್. ಇವತ್ತು ನೀವು ಕಾರ್ಖಾನೆ ಒಡೆಯ ಅಲ್ಲ.”

ಹಿಂದೆ ಯಾರೋ ಕಿಸಕ್ಕೆಂದರು. ಕರ್ನಲ್ ಹಳೆಯ ಪುಸ್ತಕವನ್ನು ನೋಡಿದ, ಮುಟ್ಟಲಿಲ್ಲ. ಬರೆದುಕೊಳ್ಳುವವನಿಗೆ ಪೆನ್ನು ಕೆಳಗಿಡುವಂತೆ ಕೈಸನ್ನೆ ಮಾಡಿದ.

“ವಿಚಾರಣೆ ಮುಂದೂಡಲಾಗಿದೆ. ಪುಸ್ತಕ ಇಲ್ಲಿ ಬಿಟ್ಟು ಹೋಗಿ, ಸಾರ್ಜೆಂಟ್. ಪರಿಶೀಲಿಸ್ತೀವಿ.”

ವರ್ಲೀನಳ ಕಾಗದ ಮಲಗಿದ್ದ ಡ್ಯಾಬ್ನಿಯ ಖಾನೆ ನನಗೆ ನೆನಪಾಯಿತು. ನಾನು ಪುಸ್ತಕ ಬಿಡಲಿಲ್ಲ. ಮೇ ಆರರ ಹಾಳೆ ತೆರೆದೆ. ಫ್ಯಾನಿನ ಗಾಳಿಗೆ ಹಾಳೆ ಹಾರಿತು. ಜೇಬಿನಿಂದ ಬೆಳ್ಳಿ ಡಾಲರ್ ತೆಗೆದು ಅದರ ಮೇಲಿಟ್ಟು, ಜನರ ಕಡೆ ತಿರುಗಿ ಓದಿದೆ.

“ಹನ್ನೊಂದು ಗಂಟೆ ನಲವತ್ತು ನಿಮಿಷ. ಲೆಫ್ಟಿನೆಂಟ್ ಗ್ಯಾತ್ರೈಟ್: ಆ ದಾರಿಗೆ ಇಳೀಬೇಡಿ.”

“ಸಾರ್ಜೆಂಟ್, ನಿಲ್ಲಿಸಿ.”

“ಹನ್ನೊಂದು ನಲವತ್ತೊಂದು. ಸಿಪಾಯಿ ಪಿಟ್‌ಮನ್: ಸಾರ್, ಮೇಡಂ ಬ್ಯಾಡ ಅಂತಾವ್ರೆ.”

“ನಿಲ್ಲಿಸಿ ಅಂದೆ! ಇದು ಆಜ್ಞೆ!”

ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿಯಿತು. ಮೇವಿಸ್ ಎದ್ದಿದ್ದಳು. ಅವಳ ಎಡಬಲಕ್ಕೆ ಚಾಲಕರು, ಯಾರೂ ಹೇಳದೆಯೇ, ಒಬ್ಬೊಬ್ಬರಾಗಿ ಏಳುತ್ತಿದ್ದರು.

“ಅವನ್ದು ಇನ್ನೊಂದ್ಸಲ ಓದಪ್ಪ,” ಎಂದಳು ಮೇವಿಸ್. “ಅವನ್ ಅಂದಿದ್ದು.”

ನಾನು ಓದಿದೆ.