ಹಿತ್ತಾಳೆಯ ಮೇಲೆ ಇನ್ನೊಂದು ಸಾಲು

ವಸಂತಿ ಗಂಡನ ಪಾಸ್‌ಪೋರ್ಟನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸೆರಗು ಎಳೆದುಕೊಂಡು, ಸೋಫಾದ ತುದಿಯಲ್ಲಿ ಬಂದು ಕುಳಿತಳು. ಅದನ್ನೇ ಹುಡುಕುತ್ತ ಮಗ ಸುಶಾಂತ್ ಮತ್ತೊಮ್ಮೆ ಕಪಾಟಿನ ಬಟ್ಟೆಗಳನ್ನೆಲ್ಲ ಮಂಚದ ಮೇಲೆ ಸುರಿಯುತ್ತಿದ್ದ.

"ಅಮ್ಮ, ಅಪ್ಪನ ಪಾಸ್‌ಪೋರ್ಟ್ ನೋಡಿದ್ದೀಯಾ? ಕಾರ್ಗೋದವರಿಗೆ ಮಧ್ಯಾಹ್ನದೊಳಗೆ ಮುಟ್ಟಿಸ್ಬೇಕಂತೆ."

"ನನ್ನ ಹತ್ರ ಉಂಟು."

"ಕೊಡು ಮತ್ತೆ."

"ಕೊಡುದಿಲ್ಲ."

ಸುಶಾಂತ್ ಕೈಯಲ್ಲಿದ್ದ ಅಂಗಿಯನ್ನು ಹಾಗೆಯೇ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಅದು ಅಪ್ಪನದೇ ಅಂಗಿ. ಶೀನಪ್ಪ ತೀರಿಕೊಂಡು ಎರಡು ದಿನವಾಗಿತ್ತು. ದೇಹ ಶವಾಗಾರದಲ್ಲಿತ್ತು. ಕೊಲ್ಲಿ ದೇಶದ, ಅಲ್ ನಹ್ದಾದ ಈ ಎರಡು ಕೋಣೆಯ ಫ್ಲ್ಯಾಟಿಗೆ ಜನ ಬಂದು ಹೋಗುತ್ತಲೇ ಇದ್ದರು. ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು, ಊರಿಗೆ ಯಾವ ಫ್ಲೈಟು?

"ಅವರನ್ನು ಊರಿಗೆ ಕಳಿಸುದು ಬೇಡ. ಇಲ್ಲಿಯೇ ಆಗ್ಲಿ," ಎಂದಳು ವಸಂತಿ.

ಅಡುಗೆಮನೆಯ ಬಾಗಿಲಿಗೆ ಒರಗಿದ್ದ ಜಮೀಲ ಮಾತ್ರ ಈ ಮಾತಿಗೆ ಬೆಚ್ಚಲಿಲ್ಲ. ದೇರಾದ ಹಳೆಯ ದಿನಗಳಲ್ಲಿ ಪಕ್ಕದ ಕೋಣೆಯಲ್ಲಿದ್ದವಳು ಅವಳು, ಉಳ್ಳಾಲದ ಕಡೆಯವಳು. ಈಗ ಮಗಳ ಜೊತೆ ಇಂಟರ್‌ನ್ಯಾಷನಲ್ ಸಿಟಿಯಲ್ಲಿದ್ದಾಳೆ. ಚಹಾದ ಲೋಟಗಳನ್ನು ತಟ್ಟೆಯಲ್ಲಿಟ್ಟು, ಒಂದನ್ನು ವಸಂತಿಯ ಕೈಗೆ ಕೊಟ್ಟು, ಅವಳ ಪಕ್ಕದಲ್ಲೇ ಕುಳಿತಳು.

ಅಷ್ಟರಲ್ಲಿ ಯುಜಿನ್ ಮೇಲೆ ಬಂದ. ಕರಾವಳಿ ಬಳಗದ ಕಾರ್ಯದರ್ಶಿ ಅವನು. ಯಾರು ಸತ್ತರೂ ಕಾಗದಪತ್ರದ ಓಡಾಟ ಅವನದೇ. ಸುಶಾಂತ್ ಹೇಳಿದ್ದನ್ನು ಕೇಳಿ ಅವನು ಕನ್ನಡಕ ತೆಗೆದು ಒರೆಸಿದ.

"ವಸಂತಕ್ಕ, ನಾನು ಕಾರ್ಗೋದವರ ಹತ್ರ, ಇಲ್ಲಿನ ಸ್ಮಶಾನದವರ ಹತ್ರ, ಎರಡೂ ಕಡೆ ಮಾತಾಡಿ ಇಟ್ಟಿದ್ದೇನೆ, ಅದಲ್ಲ ವಿಷಯ. ಸತ್ತವರನ್ನು ಊರು ಮುಟ್ಟಿಸ್ಲಿಕ್ಕೆ ಅಂತಲೇ ಈ ಬಳಗ ಕಟ್ಟಿದ್ದು ಶೀನಣ್ಣ. ಎಷ್ಟು ಜನರ ಪೆಟ್ಟಿಗೆಯ ಜೊತೆ ಸ್ವತಃ ಹೋಗಿ ಬಂದವರು. ಈಗ ಅವರದ್ದೇ ಪೆಟ್ಟಿಗೆ ನಾವು ಕಳಿಸದಿದ್ದರೆ ಜನ ಎಂತ ಹೇಳ್ತಾರೆ?"

"ಹೇಳುವವರು ಹೇಳ್ಲಿ ಮಾರಾಯ. ಬಾಯಿಗೆ ಒಂದೊಂದು ಖರ್ಜೂರ ಹಾಕು, ಸುಮ್ಮನಾಗ್ತಾರೆ," ಎಂದಳು ಜಮೀಲ.

"ನೀವು ಸುಮ್ನಿರಿ ಜಮೀಲಕ್ಕ."

"ನಾನು ಸುಮ್ಮನಿದ್ದು ಇದ್ದು ಮುದುಕಿ ಆದೆ."

ಸುಶಾಂತನ ಫೋನು ಬಡಿದುಕೊಂಡಿತು. ಊರಿನಿಂದ ಚಿಕ್ಕಪ್ಪ ದೂಮಪ್ಪ. ಸುಶಾಂತ್ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಟೀಪಾಯಿಯ ಮೇಲಿಟ್ಟ. ತನ್ನಿಂದಾಗದ್ದನ್ನು ಚಿಕ್ಕಪ್ಪನಾದರೂ ಮಾಡಲಿ ಎಂಬಂತೆ.

"ಅತ್ತಿಗೆ, ಇಲ್ಲಿ ಮಾವಿನ ಮರ ಕಡಿಸಿ ಆಯ್ತು. ಬಾವಿಯ ಆಚೆ ಅಣ್ಣನಿಗೆ ದೂಪೆ ಕಟ್ಲಿಕ್ಕೆ ಜಾಗವೂ ನೋಡಿದೆ. ಅಪ್ಪನದ್ದರ ಪಕ್ಕದಲ್ಲೇ ಆಗ್ತದೆ. ನಾಳೆ ಎಷ್ಟು ಗಂಟೆಗೆ ಮುಟ್ತದೆ?"

ಚಿತೆ ಉರಿದ ಜಾಗದಲ್ಲಿ ಮಣ್ಣು ಏರಿಸಿ, ತುಳಸಿ ನೆಟ್ಟು, ಇಂಥವನು ಇಲ್ಲಿದ್ದಾನೆ ಎಂದು ಗುರುತು ಮಾಡುವ ದಿಬ್ಬವೇ ದೂಪೆ. ಅದರ ಹೆಸರು ಕೇಳಿದ್ದೇ ವಸಂತಿಯ ಕೈ ಸೊಂಟದ ಕಡೆಗೆ ಹೋಯಿತು. ಪಾಸ್‌ಪೋರ್ಟ್ ಅಲ್ಲಿಯೇ ಇತ್ತು.

"ದೂಮಪ್ಪ, ಮರ ಕಡಿಸಿದ್ದಿ, ನಿನ್ನ ಮನಸ್ಸು ನನಗೆ ಗೊತ್ತುಂಟು. ಆದ್ರೆ ಅವರು ಬರುದಿಲ್ಲ."

"ಬರುದಿಲ್ಲ ಅಂದ್ರೆ? ಅಲ್ಲಿ ಯಾರಿದ್ದಾರೆ ಅತ್ತಿಗೆ ಅಣ್ಣನಿಗೆ? ನಾಳೆ ಸುಶಾಂತನ ಕೆಲಸ ಹೋದ್ರೆ ನೀವೆಲ್ಲ ಖಲಾಸ್, ಗಂಟುಮೂಟೆ ಕಟ್ಟಿ ಬರುವವರೇ. ಆಗ ಅವನು ಅಲ್ಲಿ ಒಬ್ಬನೇ."

ಜಮೀಲ ಟೀಪಾಯಿಯ ಮೇಲೆ ಕಣ್ಣು ನೆಟ್ಟು ಕುಳಿತಿದ್ದಳು.

"ಒಬ್ಬನೇ ಅಲ್ಲ," ಎಂದಳು ವಸಂತಿ ಕೊನೆಗೆ. ತಾನೇ ಬೆರಳು ಚಾಚಿ ಫೋನು ನಿಲ್ಲಿಸಿದಳು.

*

ಶೀನಪ್ಪ ಲಾಂಚಿನಲ್ಲಿ ಬಂದು ಇಳಿದವನು. ದೇರಾದಲ್ಲಿ ಬರಸ್ತಿಗಳಿದ್ದ, ಗರಿಯ ಗೋಡೆಯ ಗುಡಿಸಲುಗಳಿದ್ದ ಕಾಲ. ಒಂದು ಹೊಲಿಗೆ ಅಂಗಡಿಯಲ್ಲಿ ಅರಬರ ನಿಲುವಂಗಿ ಕಂದೂರದ ಕತ್ತು, ತೋಳು ಹೊಲಿಯುತ್ತ ಹೊಲಿಯುತ್ತ ಅವನು ವಸಂತಿಯನ್ನು ಕರೆಸಿಕೊಳ್ಳುವಷ್ಟಕ್ಕೆ ಬಂದ. ಅವಳಿಗಿಂತ ಮೊದಲೇ ಅವಳ ಸಣ್ಣ ಕಡೆಯುವ ಕಲ್ಲು ಲಾಂಚಿನಲ್ಲಿ ಬಂದಿತ್ತು. ನೀರು ದೋಸೆಯ ಅಕ್ಕಿ ಬೇರೆ ಯಾವುದರಲ್ಲಿ ಕಡೆದರೂ ಆಗದೆಂದು ಅವಳ ಹಟ.

ಮಗು ಹುಟ್ಟಿದ್ದು ಎಂಬತ್ತೊಂದರ ಬೇಸಿಗೆಯಲ್ಲಿ. ಹೆಣ್ಣು. ಉಸಿರು ಸಾಲದ ಮಗು. ಹೆಸರಿಡುವ ದಿನ ಬರಲಿಲ್ಲ. ಜಮೀಲ ಅದನ್ನು ಮೀಯಿಸಿ, ತನ್ನ ಬಿಳಿಯ ದುಪ್ಪಟ್ಟಾದಲ್ಲಿ ಸುತ್ತಿ ಶೀನಪ್ಪನ ಕೈಗೆ ಕೊಟ್ಟಳು. ಅವನು ಮಗುವನ್ನು ಒಂದು ಕೈಯಲ್ಲಿ ಎತ್ತಿಕೊಂಡು ಅಡುಗೆಯ ಮೂಲೆಗೆ ಬಂದ. ಬಾಣಂತಿ ವಸಂತಿ ಚಾಪೆಯಲ್ಲಿ ಮಲಗಿದ್ದವಳು ತಲೆ ಎತ್ತಿದಳು.

"ಎಂತ ಬೇಕು?"

"ಊರಲ್ಲಾದ್ರೆ ಮೇಲೆ ಒಂದು ಕಲ್ಲಿಡ್ತಾರೆ. ನರಿ ನಾಯಿ ಕೆರೆಯದ ಹಾಗೆ." ಅವನು ಬಾಗಿಲ ಹೊರಗಿನ ಬಿಸಿಲನ್ನು ನೋಡಿದ. "ಇಲ್ಲಿ ಎಲ್ಲಿ ಹುಡುಕುದು? ಎಲ್ಲ ಹೊಯ್ಗೆ."

ಅವನು ಬಗ್ಗಿ ಕಡೆಯುವ ಕಲ್ಲಿನ ಗುಂಡನ್ನು ಎತ್ತಿಕೊಂಡ. ಗುಂಡಿಗೆ ಬೆಳಗಿನ ಅಕ್ಕಿಹಿಟ್ಟು ಇನ್ನೂ ಅಂಟಿತ್ತು. ಅದನ್ನು ತೊಳೆದುಕೊಡುತ್ತೇನೆಂದು ಏಳಲು ನೋಡಿದವಳನ್ನು ಅವನು ಬೇಡವೆಂದು ತಡೆದ.

ಮುಂದಿನ ವರ್ಷ ಇಬ್ಬರೂ ಮಗುವನ್ನು ಹೂತ ಜಾಗಕ್ಕೆ ಹೋದಾಗ ಮೇಲಿಟ್ಟಿದ್ದ ಗುಂಡು ಕಾಣಲಿಲ್ಲ. ಗಾಳಿ ಮರಳನ್ನು ತಂದು ಸುರಿದಿತ್ತು. ಆಮೇಲೆ ಅಲ್ಲಿ ಬೇಲಿ ಬಂತು, ಬೇಲಿಯ ಆಚೆ ರಸ್ತೆ ಬಂತು, ರಸ್ತೆ ಅಗಲವಾಯಿತು. ಸುಶಾಂತ್ ಹುಟ್ಟಿದ. ಮನೆ ಬದಲಾದಾಗಲೆಲ್ಲ ಗುಂಡಿಲ್ಲದ ಕಡೆಯುವ ಕಲ್ಲೂ ಜೊತೆಗೆ ಬಂತು. "ಇದ್ಯಾಕೆ ಅಮ್ಮ, ಗುಂಡು ಎಲ್ಲಿ?" ಎಂದು ಅವನು ಕೇಳಿದಾಗ ವಸಂತಿ, "ಸಾಮಾನು ಸಾಗಿಸುವಾಗ ಎಲ್ಲೋ ಬಿತ್ತು," ಎಂದಿದ್ದಳು. ಒಮ್ಮೆ ಹೇಳಿದ ಸುಳ್ಳನ್ನು ತಿದ್ದುವ ಹೊತ್ತು ಮತ್ತೆ ಬರಲೇ ಇಲ್ಲ.

*

ಶವಾಗಾರದ ಹೊರಗಿನ ಕಿರಿದಾದ ನೆರಳಿನಲ್ಲಿ ಯುಜಿನ್ ಕಾಗದ ಹಿಡಿದು ನಿಂತಿದ್ದ. ಹೆಂಡತಿಯ ಸಹಿ ಇಲ್ಲದೆ ದೇಹ ಯಾವ ಕಡೆಗೂ ಹೋಗುವಂತಿರಲಿಲ್ಲ.

"ಅಮ್ಮ," ಸುಶಾಂತ್ ದನಿ ತಗ್ಗಿಸಿದ, "ನನಗೆ ಒಂದು ಕಾರಣ ಹೇಳು. ಒಂದೇ ಸಾಕು. ಚಿಕ್ಕಪ್ಪನಿಗೆ ನಾನು ಎಂತ ಹೇಳ್ಲಿ? ಅಮ್ಮನಿಗೆ ತಲೆ ಕೆಟ್ಟಿದೆ ಅಂತವಾ?"

"ಹಾಗೇ ಹೇಳು. ಅವನಿಗೂ ಸಮಾಧಾನ ಆಗ್ತದೆ."

"ತಮಾಷೆ ಮಾಡುವ ಹೊತ್ತಾ ಇದು?"

"ಹೇಳ್ತೇನೆ ಮಗ. ಅವರನ್ನು ಕಳಿಸಿ ಆದ ಮೇಲೆ ಹೇಳ್ತೇನೆ. ಮೊದಲೇ ಹೇಳಿದ್ರೆ ನೀನು ಅಳ್ತೀ. ಬೆಂಕಿ ಕೊಡ್ಲಿಕ್ಕೆ ನಿನ್ನ ಕೈ ಗಟ್ಟಿ ಇರ್ಬೇಕು."

ಸುಶಾಂತ್ ಜಮೀಲಳ ಕಡೆ ತಿರುಗಿದ. ಅವನನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ಇಳಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು.

"ಅವಳು ಹೇಳಿದ ಹಾಗೆ ಮಾಡು," ಎಂದಳು ಜಮೀಲ.

ವಸಂತಿ ಸೊಂಟದಿಂದ ಪಾಸ್‌ಪೋರ್ಟ್ ತೆಗೆದಳು. ಬೆವರಿಗೆ ಅದರ ರಟ್ಟು ಬಾಗಿತ್ತು. ಯುಜಿನ್ ತೋರಿಸಿದ ಕಡೆ ನಿಧಾನವಾಗಿ, ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದಳು.

ಜೆಬೆಲ್ ಅಲಿಯ ಸ್ಮಶಾನದಲ್ಲಿ ಗಾಳಿ ಇರಲಿಲ್ಲ. ಹೆಂಗಸರು ಕಾರಿನಲ್ಲೇ ಇರಲೆಂದು ಯಾರೋ ಹೇಳಿದರು. ವಸಂತಿ ಇಳಿದು ಬಂದು ಎಲ್ಲರಿಗಿಂತ ಮುಂದೆ ನಿಂತಳು. ಬಾಯಿಗೆ ನೀರು ಬಿಡುವ ಹೊತ್ತಿಗೆ ಸುಶಾಂತ್ ಬಿಟ್ಟ, ಅವಳು ಬಿಟ್ಟಳು, ಬಳಗದ ಹಿರಿಯರು ತುಳಸಿ ಅದ್ದಿ ಒಬ್ಬೊಬ್ಬರಾಗಿ ಬಿಟ್ಟರು. ಆಮೇಲೆ ವಸಂತಿ ಹಿಂದೆ ತಿರುಗಿ, "ಜಮೀಲ, ಬಾ," ಎಂದು ಕರೆದಳು. ಗುಂಪಿನಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಜಮೀಲ ತಲೆಯ ಮೇಲಿನ ವಸ್ತ್ರ ಸರಿಮಾಡಿಕೊಂಡು ಮುಂದೆ ಬಂದಳು.

"ಬರ್ತೇನೆ ಶೀನಣ್ಣ," ಎಂದಷ್ಟೇ ಹೇಳಿ ಅವಳು ನೀರು ಬಿಟ್ಟಳು.

ಸುಶಾಂತ್ ಬೆಂಕಿ ಕೊಟ್ಟ. ಅವನ ಕೈ ಗಟ್ಟಿಯಾಗಿತ್ತು.

*

ಹಿಂದಿನ ತಿಂಗಳು ಯುಜಿನ್ ಸ್ವೀಟ್ ಹಿಡಿದುಕೊಂಡು ಮನೆಗೆ ಬಂದಿದ್ದ. ಹಳೆಯ ಬರಸ್ತಿಗಳಿದ್ದ ಜಾಗದಲ್ಲಿ, ಅಲ್ ಮುರಕ್ಕಬಾತಿನಲ್ಲಿ, ಈಗ ಊರಿನವರದೇ ಒಂದು ಹೋಟೆಲು. ಅದರ ಒಳಗೋಡೆಗೆ ಹಿತ್ತಾಳೆಯ ಫಲಕ ಹಾಕಿಸುವುದೆಂದು ಬಳಗ ನಿಶ್ಚಯಿಸಿತ್ತು. ಮೇಲೆ 'ಮೊದಲು ಬಂದವರು'. ಕೆಳಗೆ ಹೆಸರು, ಬಂದ ವರ್ಷ, ಊರಿಗೆ ಹೋದ ವರ್ಷ. ಬದುಕಿದ್ದು ಹೋದವರಿಗೂ ಪೆಟ್ಟಿಗೆಯಲ್ಲಿ ಹೋದವರಿಗೂ ಒಂದೇ ಲೆಕ್ಕ. ಊರಿಗೆ ಹೋದ ವರ್ಷವೆಂಬುದಿಲ್ಲದೆ ಉಳಿದಿದ್ದವನು ಶೀನಪ್ಪ ಒಬ್ಬನೇ.

"ನಿಮ್ಮ ಕೈಯಿಂದಲೇ ಪರದೆ ತೆಗೆಸುದು ಶೀನಣ್ಣ. ನಿಮ್ಮ ಹೆಸರಿನ ಮುಂದೆ ಸದ್ಯಕ್ಕೆ ಖಾಲಿ ಬಿಡ್ತೇವೆ," ಎಂದ ಯುಜಿನ್.

"ಸದ್ಯಕ್ಕೆ ಅಂತೆ ನೋಡು! ನನ್ನನ್ನು ಓಡಿಸ್ಲಿಕ್ಕೆ ಇವನಿಗೆ ಅರ್ಜೆಂಟು," ಎಂದು ಶೀನಪ್ಪ ಜೋರಾಗಿ ನಕ್ಕಿದ್ದ.

ಯುಜಿನ್ ಹೋದ ಮೇಲೆ ಅವನು ಬಾಲ್ಕನಿಯಲ್ಲಿ ಕಡೆಯುವ ಕಲ್ಲಿನ ಪಕ್ಕ ಸ್ಟೂಲು ಹಾಕಿ ಕುಳಿತ. ವಸಂತಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು.

"ಬಂದವರೆಲ್ಲ ಹೋದವರೇ," ಎಂದ. "ಇಲ್ಲಿ ನಿಂತದ್ದು ಅಂತ ಇದ್ರೆ ಅವಳೊಬ್ಬಳು. ಅವಳ ಹೆಸರು ಆ ಬೋರ್ಡಿನಲ್ಲಿ ಇಲ್ಲ."

"ಹೆಸರು ಇಟ್ಟಿದ್ರೆ ಅಲ್ವಾ."

ಅವನು ಸ್ವಲ್ಪ ಹೊತ್ತು ಕಲ್ಲಿನ ಗುಳಿಯಲ್ಲಿ ಬೆರಳಾಡಿಸಿದ. "ಎಷ್ಟೋ ಜನರನ್ನು ಊರಿಗೆ ಮುಟ್ಟಿಸಿದೆ ವಸಂತಿ. ನನ್ನನ್ನು ಮಾತ್ರ ಕಳಿಸ್ಬೇಡ. ಅವಳನ್ನು ಬಿಟ್ಟು ಹೋಗ್ಲಿಕ್ಕೆ ನನಗೆ ಕಾಲು ಬರುದಿಲ್ಲ."

ಅವಳು ಅವನ ಬನಿಯನ್ನು ಮಡಚಿ, ಮತ್ತೆ ಬಿಡಿಸಿ, ಮತ್ತೆ ಮಡಚಿದಳು.

*

ಸ್ಮಶಾನದ ಹೊರಗೆ ಜನ ಒಬ್ಬೊಬ್ಬರಾಗಿ ಕಾರು ಹತ್ತಿದರು. ವಸಂತಿ ಯುಜಿನನ ಕಾರಿನ ಹಿಂದೆ ಹೋಗಿ ನಿಂತಳು.

"ಡಿಕ್ಕಿ ತೆಗಿ ಯುಜಿನ್. ಆ ಬೋರ್ಡು ಇದರಲ್ಲೇ ಉಂಟಲ್ಲ?"

"ಉಂಟು. ನಾಳೆ ಹಾಕುದಿತ್ತು... ಈಗ ಯಾಕೆ ವಸಂತಕ್ಕ?"

"ಅವರ ಕೆಳಗೆ ಇನ್ನೊಂದು ಸಾಲು ಬರೀಬೇಕು." ಅವಳು ಮಗನ ಕಡೆ ತಿರುಗಿದಳು. "ನಿನಗೆ ಒಬ್ಬಳು ಅಕ್ಕ ಇದ್ದಳು. ಇಲ್ಲೇ ಹುಟ್ಟಿದ್ದು, ಇಲ್ಲೇ ಹೋದದ್ದು. ಹೊಯ್ಗೆಯಲ್ಲಿ ಇಟ್ಟದ್ದು ಅಪ್ಪನೇ. ಅವಳ ಮೇಲೆ ಇಡ್ಲಿಕ್ಕೆ ಒಂದು ಕಲ್ಲು ಸಿಗ್ಲಿಲ್ಲ ಅವರಿಗೆ."

ಸುಶಾಂತ್ ಅಮ್ಮನನ್ನು ನೋಡಿದ, ಜಮೀಲಳನ್ನು ನೋಡಿದ. ಪಕ್ಕದ ಕಾರಿನ ಬಿಸಿ ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತ. ಕೈ ಸುಟ್ಟರೂ ತೆಗೆಯಲಿಲ್ಲ.

ಯುಜಿನ್ ಮೆಲ್ಲನೆ ಕೆಮ್ಮಿದ. "ವಸಂತಕ್ಕ, ಬೇಜಾರು ಮಾಡ್ಬೇಡಿ. ಅದು ಬಂದವರ ಬೋರ್ಡು. ಇಲ್ಲಿ ಹುಟ್ಟಿದವರದ್ದಲ್ಲ. ಕಮಿಟಿಯವರಿಗೆ ನಾನು ಎಂತ ಹೇಳುದು?"

"ನೀನು ಎಂತದೂ ಹೇಳ್ಬೇಡ. ಮೀಟಿಂಗಿಗೆ ನಾನೇ ಬರ್ತೇನೆ. ಇಷ್ಟು ವರ್ಷ ನಿಮ್ಮ ಮೀಟಿಂಗಿಗೆಲ್ಲ ಚಟ್ನಿ ಅರೆದು ಕಳಿಸಿದವಳು, ಒಂದು ಮಾತು ಹೇಳ್ಲಿಕ್ಕೆ ಬರಬಾರದಾ?"

ಕಾರು ನೇರ ಹೋಗಿ ನಿಂತದ್ದು ಅಲ್ ಮುರಕ್ಕಬಾತಿನ ಒಳರಸ್ತೆಯಲ್ಲಿ, ಲಿಯೋನ ಅಂಗಡಿಯ ಎದುರು. ಬಹುಮಾನದ ಕಪ್, ಶೀಲ್ಡು, ಬಾಗಿಲ ಮೇಲಿನ ಹೆಸರು ಎಲ್ಲ ಕೆತ್ತುವವನು. ಫಲಕ ಮಾಡಿದವನೂ ಅವನೇ. ಗಾಜಿನ ಬಾಗಿಲು ತೆರೆದು ಹಿಡಿದು, "ಬಿಸಿಲಲ್ಲಿ ಯಾಕೆ ಆಂಟಿ, ಒಳಗೆ ಬನ್ನಿ," ಎಂದ.

"ಇಲ್ಲ ಮಗ, ಸುಡುಗಾಡಿಂದ ಬಂದವರು. ಸ್ನಾನ ಆಗದೆ ಯಾರ ಹೊಸ್ತಿಲೂ ತುಳಿಯುವ ಹಾಗಿಲ್ಲ."

"ನಮಗೆ ಅಂಥದ್ದೆಲ್ಲ ಇಲ್ಲ ಆಂಟಿ."

"ನನಗೆ ಉಂಟಲ್ಲ."

"ಮಾಫಿ ಮುಶ್ಕಿಲ್, ತೊಂದರೆ ಇಲ್ಲ," ಎಂದ ಲಿಯೋ. ಉದ್ದದ ವೈರು ಎಳೆದುಕೊಂಡು ಕೆತ್ತುವ ಯಂತ್ರವನ್ನೇ ಹೊರಗೆ ತಂದ. ಯುಜಿನ್ ತೆರೆದ ಡಿಕ್ಕಿಯಲ್ಲಿ ಫಲಕದ ಹೊದಿಕೆ ಬಿಚ್ಚಿದ. ಕೊನೆಯ ಹೆಸರು ಶೀನಪ್ಪನದು. ಕೆಳಗೆ ಒಂದು ಸಾಲಿಗೆ ಆಗುವಷ್ಟು ಜಾಗವಿತ್ತು. ಹಾದುಹೋಗುವ ಜನ ಒಂದು ಗಳಿಗೆ ನಿಂತು, ಏನೆಂದು ತಿಳಿಯದೆ ಮುಂದೆ ಹೋಗುತ್ತಿದ್ದರು.

"ಹೆಸರು?" ಲಿಯೋ ಬಗ್ಗಿ ಕೇಳಿದ.

"ಇಟ್ಟಿರ್ಲಿಲ್ಲ. ಶೀನಪ್ಪ ವಸಂತಿಯರ ಮಗಳು ಅಂತ ಬರಿ."

ಯಂತ್ರ ಗುರ್ರೆಂದಿತು. ಅಕ್ಷರಗಳು ಒಂದೊಂದೇ ಮೂಡಿ ಬಂದವು.

"ಬಂದ ವರ್ಷ?"

"ಎಂಬತ್ತೊಂದು."

"ಊರಿಗೆ ಹೋದ ವರ್ಷ?"

"ಹೋಗ್ಲಿಲ್ಲ."

ಲಿಯೋ ಯಂತ್ರ ನಿಲ್ಲಿಸಿ ಯುಜಿನನ ಮುಖ ನೋಡಿದ. ಲಿಯೋನ ಬೆರಳು ಮೇಲಿನ ಸಾಲಿಗೆ ಸರಿಯಿತು. "ಅಂಕಲ್‌ದು ಎರಡು ಸಾವಿರದ ಹದಿನಾಲ್ಕು ಅಂತ ಹಾಕ್ಲಾ?"

"ಅವರೂ ಹೋಗ್ಲಿಲ್ಲ."

ಜಮೀಲ ರಸ್ತೆಯ ಕಡೆ ಮುಖ ತಿರುಗಿಸಿಕೊಂಡಳು. ಲಿಯೋ ವೈರು ಸುತ್ತತೊಡಗಿದ. ಅಷ್ಟು ಹೊತ್ತು ದೂರ ನಿಂತಿದ್ದ ಸುಶಾಂತ್ ಹತ್ತಿರ ಬಂದ.

"ಅಮ್ಮ, ಕಡೆಯುವ ಕಲ್ಲಿನ ಗುಂಡು..."

"ಹ್ಞೂಂ," ಎಂದಳು ವಸಂತಿ.

ಅವನು ಬಗ್ಗಿ, ಹೊಸ ಅಕ್ಷರಗಳ ಮೇಲೆ ಕುಳಿತಿದ್ದ ಹಿತ್ತಾಳೆಯ ಪುಡಿಯನ್ನು ಹೆಬ್ಬೆರಳಿನಿಂದ ಒರೆಸಿದ. ಬಲಗಡೆಯ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ವರ್ಷಗಳು ಒತ್ತಾಗಿ ನಿಂತಿದ್ದವು. ಕೊನೆಯ ಎರಡು ಸಾಲುಗಳ ಎದುರು ಮಾತ್ರ ಹಿತ್ತಾಳೆ ಒಂದು ಗೀರೂ ಇಲ್ಲದೆ ನುಣ್ಣಗಿತ್ತು. ಇಳಿಬಿಸಿಲು ಅಲ್ಲಿಯೇ ಬಂದು ಕುಳಿತಿತ್ತು.