ಗಂಗೂನ ಒಸಡು, ನನ್ನ ಮಿಶ್ರಿ ಡಬ್ಬಿ

ಒಮ್ಮೆ ಅಂಕೋಲೆಯಲ್ಲಿ ಬಸ್ಸು ಕೆಟ್ಟು ನಿಂತಿತ್ತು. ಹಗ್ಗದ ಒಂದು ತುದಿ ಬಸ್ಸಿಗೆ ಕಟ್ಟಿ, ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ, ಐವತ್ತೆರಡು ಜನರ ಸಮೇತ ಕಾರವಾರದ ಸ್ಟ್ಯಾಂಡಿಗೆ ಎಳೆದು ತಂದವನು ನಾನು. ಬಿಣಗಾ ಘಾಟಿನಲ್ಲಿ ಡ್ರೈವರನೇ ಕೂಗಿದ, "ಮಧುಕರಣ್ಣ, ಸ್ವಲ್ಪ ನಿಧಾನ, ಒಳಗೆ ಮಕ್ಕಳಿದ್ದಾವೆ!" ನಂಬದವರು ನಮ್ಮೂರು ತೋಡೂರಿಗೆ ಬಂದು ವಿಚಾರಿಸಿ. ಆ ಹೊತ್ತಿಗೆ ನಾನು ಮನೆಯಲ್ಲಿ ಇರಲಿಕ್ಕಿಲ್ಲ.

ಇಂಥ ಹಲ್ಲಿನ ಗುಟ್ಟು ಮಿಶ್ರಿ. ತಂಬಾಕನ್ನು ಕಾವಲಿಯಲ್ಲಿ ಕಪ್ಪಗೆ ಹುರಿದು ಪುಡಿ ಮಾಡಿ, ಬೆಳಿಗ್ಗೆ ಜಗಲಿಯಲ್ಲಿ ಕೂತು ತೋರುಬೆರಳಿನಿಂದ ತಿಕ್ಕುವುದು. ಅಜ್ಜಿ ತಿಕ್ಕಿದ್ದಳು, ಅವ್ವ ತಿಕ್ಕಿದ್ದಳು. ಮೊದಲು ನನ್ನ ಒಸಡಿನಲ್ಲಿ ರಕ್ತ ಬರುತ್ತಿತ್ತು. ಮಿಶ್ರಿ ಹಿಡಿದ ಮೇಲೆ ನಿಂತೇ ಹೋಯಿತು. ಅಂದಿನಿಂದ ಊರಿಗೆ ನಾನೇ ಹಲ್ಲಿನ ಡಾಕ್ಟರು. ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿನಿಂದ ಇಂಜಿನಿಯರುಗಳು ಬಂದು ನನ್ನ ಜಗಲಿಯ ಮುಂದೆ ಸಾಲು ನಿಲ್ಲುತ್ತಿದ್ದರು.

ಹೀಗಿರುವಾಗ ನನ್ನ ಹೆಂಡತಿ ಗಂಗೂ ಹಲ್ಲುಜ್ಜುವಾಗ ರಕ್ತ ಉಗುಳತೊಡಗಿದಳು. ಕೆಳಗಿನ ಮುಂದಿನ ಹಲ್ಲು ಬೆರಳು ತಾಗಿದರೆ ಅಲ್ಲಾಡುತ್ತಿತ್ತು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಹಲ್ಲು ಹೋಗಿಯೇ ಬಿಡುತ್ತದೆ ಎಂದು ಹೆದರಿ ಬ್ರಶ್ ಮುಟ್ಟುವುದನ್ನೇ ಬಿಟ್ಟಳು. ನಾನು ಮಿಶ್ರಿ ಡಬ್ಬಿ ಕೈಗಿಟ್ಟು, "ಹದಿನೈದು ದಿನ ತಿಕ್ಕು. ಕಬ್ಬಿಣ ಆಗ್ತದೆ" ಎಂದೆ.

ಅದೇ ಸಂಜೆ ಅವಳ ಚಿಕ್ಕಪ್ಪನ ಮಗಳು ವೈಜಯಂತಿ ಬಂದಳು. ಕಾರವಾರದಲ್ಲಿ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಾಳೆ. ಚಾ, ಚಕ್ಲಿ ಮುಂದಿಟ್ಟ ಗಂಗೂ ಬಾಯಿ ತೆರೆದು ತೋರಿಸಿದಳು.

"ಅಯ್ಯೋ ಗಂಗಕ್ಕ, ಡಾಕ್ಟರಿಗೆ ತೋರಿಸೂದು ಬಿಟ್ಟು ಮಿಶ್ರಿ ಹಿಡ್ಕಂಡು ಕೂತಿಯಲ್ಲೇ!"

"ಡಾಕ್ಟರು ಇಲ್ಲೇ ಇದ್ದಾನೆ," ಎಂದು ನಾನು ಎದೆ ಮುಟ್ಟಿಕೊಂಡೆ.

"ಭಾವ, ನೌಕಾನೆಲೆಯ ಗಾರ್ಡನ್ ಕೆಲಸಕ್ಕೆ ಹೋಗ್ತ್ರಲ್ಲ, ಗೇಟಿನಲ್ಲಿ ಪಾಸ್ ಕೇಳೂದಿಲ್ವಾ?"

"ನಂಗಾ? ನಂಗೆ ಸೆಲ್ಯೂಟ್ ಹೊಡೀತಾರೆ."

"ಮೊನ್ನೆ ಪಾಸ್ ಮರ್ತು ಗೇಟಿಂದ್ಲೇ ವಾಪಸ್ ಬಂದವ್ರು ಯಾರು ಮತ್ತೆ?" ಗಂಗೂ ಕೇಳಿದಳು.

ನಾನು ಚಾ ಕುಡಿದೆ.

"ಒಸಡಿಗೂ ಅಂಥದೇ ಕಾವಲು ಅದೆ," ಎಂದಳು ವೈಜಯಂತಿ. "ನಮ್ಮ ಜೀವಕೋಶಗಳಲ್ಲಿ ಹುಟ್ಟಿನಿಂದ್ಲೇ ಇರ್ತದೆ. ಗ್ರಾಹಕ ಅಂತಾರೆ. ಕ್ರಿಮಿಯ ಮೈಹೊದಿಕೆ ತಾಗಿದ್ರೆ ಸಾಕು, ಇದು ನಮ್ಮದಲ್ಲ ಅಂತ ಗುರ್ತು ಹಿಡಿದು ಸೀಟಿ ಊದ್ತದೆ. ಬಿಳಿ ರಕ್ತಕಣಗಳು ಓಡಿ ಬರ್ತಾವೆ. ಅದಕ್ಕೇ ಒಸಡು ಕೆಂಪಾಗೂದು, ಬಾತುಕೊಳ್ಳೂದು, ರಕ್ತ ಬರೂದು."

"ಅಂದ್ರೆ ಒಳ್ಳೇದೇ ಆಯ್ತಲ್ಲ?" ನಾನು ಬಿಡಲಿಲ್ಲ.

"ನಾಲ್ಕು ದಿನಕ್ಕೆ ಒಳ್ಳೇದು. ಹಲ್ಲಿನ ಬುಡದ ಅಂಟುಕೊಳೆ ತೆಗೀದಿದ್ರೆ ಕ್ರಿಮಿ ಅಲ್ಲೇ ಬಿಡಾರ ಹೂಡ್ತಾವೆ. ಸೀಟಿ ನಿಲ್ಲೂದೇ ಇಲ್ಲ. ಬಂದ ಪಡೆ ತಿಂಗಳುಗಟ್ಲೆ ಅಲ್ಲೇ ಗುದ್ದಾಡಿದ್ರೆ ನಮ್ಮದೇ ಕಾಂಪೌಂಡ್ ಬೀಳ್ತದೆ ಭಾವ! ಹಲ್ಲು ಹಿಡಿದ ಮೂಳೆ ಕರಗ್ತದೆ. ಸಕ್ಕರೆ ಹಿಡಿತದಲ್ಲಿ ಇಲ್ದಿದ್ರೆ ಇನ್ನೂ ಬೇಗ. ಗಂಗಕ್ಕ ಬ್ರಶ್ ಬಿಟ್ಟದ್ದೇ ದೊಡ್ಡ ತಪ್ಪು."

"ಹಂಗಾರೆ ಇವ್ರಿಗೆ ಮಿಶ್ರಿಯಿಂದ ರಕ್ತ ನಿಂತದ್ದು ಹೆಂಗೆ?" ಗಂಗೂ ಕೇಳಿದಳು.

"ತಂಬಾಕು ಒಸಡಿನ ರಕ್ತನಾಳ ಬಿಗಿ ಮಾಡ್ತದೆ. ರಕ್ತ ಕಾಣೂದಿಲ್ಲ, ಅಷ್ಟೇ. ಕಾವಲಿನವನ ಬಾಯಿಗೆ ಬಟ್ಟೆ ತುರುಕಿದ್ರೆ ಕಳ್ಳ ಓಡಿಹೋದ ಅಂತಲಾ? ಒಳಗೆ ರೋಗ ಬೆಳೀತಾ ಇರ್ತದೆ. ಬಾಯಿ ಕ್ಯಾನ್ಸರಿನ ಭಯ ಬೇರೆ."

ಗಂಗೂ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. "ನೀ ಓದಿದವ್ಳು, ಹೇಳ್ತಿ. ಆದ್ರೆ ಇವ್ರ ಹಲ್ಲು ಗಟ್ಟಿಯಾಗೇ ಅದಾವಲ್ಲೇ." ಮುಚ್ಚಳ ತೆಗೆದು ಬೆರಳು ಅದ್ದಿದಳು.

"ಗಟ್ಟಿಯಾ?" ವೈಜಯಂತಿ ನಕ್ಕಳು. "ಮತ್ತೆ ಭಾವ ಚಕ್ಲಿಯನ್ನ ಚಾದಲ್ಲಿ ಅದ್ದಿ ಅದ್ದಿ ಮೆತ್ತಗೆ ಮಾಡೂದು ಎಂತಕ್ಕೆ?"

"ರುಚಿ ಮಾರಾಯ್ತಿ, ರುಚಿ!"

ಗಂಗೂ ಒಣ ಚಕ್ಲಿಯೊಂದನ್ನು ನನ್ನ ಕೈಗಿಟ್ಟಳು. "ಕಚ್ಚಿ ತೋರ್ಸಿ. ನೀವು ಕಚ್ಚಿದ್ರೆ ನಾ ಮಿಶ್ರಿ ತಿಕ್ತೆ."

ಎಡಗಡೆ ಎರಡು ಹಲ್ಲು ಇನ್ನೂ ಗಟ್ಟಿ ಇದ್ದವು. ಅಲ್ಲಿಟ್ಟು ಕಚ್ಚಿದ್ದರೆ ನಾನೇ ಗೆಲ್ಲುತ್ತಿದ್ದೆ. ಆದರೆ ಮಿಶ್ರಿ ಮೆತ್ತಿದ ಅವಳ ಬೆರಳು ಬಾಯಿಯ ಹತ್ತಿರವೇ ಇತ್ತು. ಚಕ್ಲಿ ಕೆಳಗಿಟ್ಟೆ.

"ಗಂಗೂ, ಬಲಗಡೆಯ ಎರಡು ದವಡೆ ಹಲ್ಲು ಆಗ್ಲೇ ಬಿದ್ದಾವೆ. ಇನ್ನೆರಡು ಅಲ್ಲಾಡ್ತಾವೆ. ಹೋದ ವರ್ಷ ಕಿವಿನೋವು ಅಂತ ಮಲಗಿದ್ದೆನಲ್ಲ, ಅದು ಕಿವಿ ಅಲ್ಲ. ಬೆರಳು ತೊಳ್ಕೋ."

ಅವಳು ಬೆರಳು ತೊಳೆದು ಬಂದು, "ನಾಳೆ ಎಷ್ಟು ಗಂಟೆಗೆ ಬರಬೇಕೇ? ಇಬ್ರೂ ಬರ್ತೇವೆ" ಎಂದು ವೈಜಯಂತಿಯನ್ನು ಕೇಳಿದಳು.

ಡಾಕ್ಟರು ಗಂಗೂನನ್ನು ಮೂರು ಸಲ ಕರೆಸಿ ಹಲ್ಲಿನ ಬುಡ ಸ್ವಚ್ಛ ಮಾಡಿದರು. ಸಕ್ಕರೆಗೂ ಸರಿಯಾಗಿ ಮಾತ್ರೆ ಶುರುವಾಯಿತು. ಅವಳ ಹಲ್ಲು ಉಳಿಯಿತು. ನನ್ನ ಅಲ್ಲಾಡುವ ಎರಡನ್ನು ಕೀಳಬೇಕಾಯಿತು. ಕರಗಿದ ಮೂಳೆ ತಾನಾಗಿ ಬೆಳೆಯುವುದಿಲ್ಲವಂತೆ.

ಅಕ್ಕಂದಿರೇ, ಅಣ್ಣಂದಿರೇ, ಒಸಡಿನಲ್ಲಿ ರಕ್ತ ಕಂಡರೆ ಬ್ರಶ್ ಬಿಡಬೇಡಿ. ಮೆತ್ತನೆಯ ಬ್ರಶ್ಶಿನಿಂದ ದಿನಕ್ಕೆರಡು ಸಲ ಬುಡದವರೆಗೆ ಉಜ್ಜಿ. ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೋ ಹತ್ತಿರದ ಡಾಕ್ಟರಿಗೋ ತೋರಿಸಿ. ಮಿಶ್ರಿ, ತಂಬಾಕು ಹಾಕುವವರು ರಕ್ತ ಕಾಣದಿದ್ದರೂ ತೋರಿಸಿ, ಅದನ್ನು ಬಿಡಿ. ನಾನು ಒಂದೇ ದಿನದಲ್ಲಿ ಬಿಟ್ಟೆ.

ಇಷ್ಟು ಬರೆಯುವಾಗ ಗಂಗೂ ಬೆನ್ನ ಹಿಂದೆ ನಿಂತು ಓದುತ್ತಿದ್ದಳು. "ಒಂದೇ ದಿನದಲ್ಲಾ?" ಎಂದಳು.

ಇಲ್ಲ. ನಾಲ್ಕು ತಿಂಗಳು ಬೇಕಾಯಿತು. ನಡುವೆ ಎರಡು ಸಲ ಕದ್ದು ತಿಕ್ಕಿದೆ, ಎರಡು ಸಲವೂ ಸಿಕ್ಕಿಬಿದ್ದೆ. ಮೂರನೆಯ ಸಲ ಬಿಟ್ಟದ್ದು ಮಾತ್ರ ಖರೇ. ನನ್ನಂಥವನ ಕೈಲಿ ಆಯಿತು. ನಿಮಗೆ ಆಗದೇ ಇರುವುದುಂಟಾ?