ತೊಡೆಯ ಮೇಲಿನ ಗಿಟಾರು

ಮರ ಕೊಯ್ಯುವ ಯಂತ್ರಕ್ಕೆ ಎಡಗೈ ಸಿಕ್ಕಿದ ಮೇಲೆ ಬಡಗಿಯ ಉಂಗುರಬೆರಳು, ಕಿರುಬೆರಳು ಎರಡೂ ಸೆಟೆದು ನಿಂತವು. ಕೆಲಸ ಹೇಗೋ ನಡೆಯಿತು. ಹದಿನೈದು ವರ್ಷ ನುಡಿಸಿದ ಗಿಟಾರು ಮಾತ್ರ ಅಟ್ಟ ಸೇರಿತು. ಯಾರಾದರೂ ಹಾಡಿನ ಮಾತೆತ್ತಿದರೆ ಅವನು ಎದ್ದು ಹೋಗಿಬಿಡುತ್ತಿದ್ದ.

ಅವನ ಅತ್ತಿಗೆ ಕೈಕಟ್ಟಿ ಕೂರುವ ಪೈಕಿಯಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ ಅವಳು, ಒಂದು ಭಾನುವಾರ ಹಳೇ ಸಾಮಾನಿನ ಅಂಗಡಿಯಿಂದ ತೊಡೆಯ ಮೇಲೆ ಮಲಗಿಸಿ ನುಡಿಸುವ ಸ್ಟೀಲ್ ಗಿಟಾರೊಂದನ್ನು ಹೊತ್ತು ತಂದಳು. ಅಜ್ಜನ ಕಾಲದ್ದು, ತಂತಿಯೆಲ್ಲ ತುಕ್ಕು.

“ನನ್ನ ಕೈ ಗೊತ್ತಿದ್ದೂ ಇದನ್ನ ತಂದ್ರಾ?” ಅವನು ಮುಖ ಗಂಟಿಕ್ಕಿದ.

“ಇದಕ್ಕೆ ಬೆರಳಲ್ಲಿ ತಂತಿ ಒತ್ತೋದೇ ಬೇಡ್ವಂತೆ. ಈ ಉಕ್ಕಿನ ತುಂಡು ಹಿಡಿದು ಜಾರಿಸಿದ್ರೆ ಸಾಕಂತೆ. ಮೊದಲು ತಂತಿ ಹಾಕೋಣ, ಆಮೇಲೆ ಬೈಯುವಂತೆ.”

ತುಕ್ಕಿಗೆ ಬಿಗಿದುಕೊಂಡಿದ್ದ, ತಂತಿ ಸುತ್ತುವ ತಿರುಪುಗಳಿಗೆ ಅವಳು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಳು. ದಪ್ಪ ತಂತಿಯಿಂದ ಶುರುಮಾಡಿ ಒಂದೊಂದನ್ನೇ ತೂತಿಗೆ ಪೋಣಿಸಿ, ತುಸು ಸಡಿಲ ಬಿಟ್ಟು ಸುತ್ತಿದರು. ಎಲ್ಲಕ್ಕಿಂತ ತೆಳುವಾದದ್ದನ್ನು ಅವನು ಬಿಗಿಯುವಾಗ ಅದು ಟಣ್ ಎಂದು ತುಂಡಾಯಿತು. ಅವನು ತುಂಡಾದ ತಂತಿ ಹಿಡಿದು ಅವಳತ್ತ ನೋಡಿದ.

“ಇನ್ನೊಂದು ತಂದಿದೀನಿ. ನಿನ್ನ ಆತುರ ನಂಗೆ ಗೊತ್ತಿಲ್ವಾ?” ಎಂದು ಅವಳು ನಕ್ಕಳು.

ಆರು ತಂತಿಯನ್ನೂ ಒಟ್ಟಿಗೆ ಮೀಟಿದರೆ ಒಂದಕ್ಕೊಂದು ಹೊಂದಿ ನುಡಿಯಬೇಕು, ಹಾಗೆ ಶ್ರುತಿ ಮಾಡಬೇಕಿತ್ತು. ಅವನು ಕಣ್ಣು ಮುಚ್ಚಿ, ಗುನುಗುತ್ತ, ಒಂದೊಂದೇ ತಿರುಪು ತಿರುವಿದ. ಕಿವಿಗೆ ಏನೂ ಮರೆತಿರಲಿಲ್ಲ.

ಉಕ್ಕಿನ ತುಂಡನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹಿಡಿದು ಜಾರಿಸಿದ. ಸೆಟೆದ ಬೆರಳೆರಡೂ ತಾವಾಗಿಯೇ ಆ ತುಂಡಿನ ಹಿಂದೆ ತಂತಿಗಳ ಮೇಲೆ ಒರಗಿ ಕರಕರ ಸದ್ದನ್ನು ಅಡಗಿಸಿದವು. ಸ್ವರ ಮಾತ್ರ ಉಳಿಯಿತು. ಉದ್ದಕ್ಕೆ, ಮನುಷ್ಯರ ದನಿಯ ಹಾಗೆ. ಅವನು ಆ ಬೆರಳುಗಳನ್ನೇ ನೋಡಿದ. ಎರಡು ವರ್ಷ ಅವಕ್ಕೆ ಹಿಡಿಶಾಪ ಹಾಕಿದ್ದ.

“ಅತ್ತಿಗೆ...” ಎಂದ ಅವನು. “ನಿಮ್ಮ ಉಪಕಾರ...”

“ಅದೆಲ್ಲ ಆಮೇಲೆ. ಶ್ರುತಿ ಇಳೀತಿದೆ ನೋಡು.”

ಹೊಸ ತಂತಿ ಹಿಗ್ಗುವುದು ಸಹಜ. ಅವನು ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಬಿಗಿದ.

“ಕೂತ್ಕೊಳಿ ಅತ್ತಿಗೆ. ಯಾವ ಹಾಡು ಬೇಕು, ಹೇಳಿ.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳು ಹೋಗಿ ಒಲೆ ಆರಿಸಿ ಬಂದು, ಸ್ಟೂಲು ಎಳೆದುಕೊಂಡು ಕೂತಳು.